ಚೊಗರು ಹತ್ತಿದ ಸೀರೆ ಮತ್ತು ಎರಡು ಸೀಟಿನ ಕಾರು

ಕೆಲವರಿಗೆ ಸುಖವಾಗಿರುವುದೇ ಒಗ್ಗುವುದಿಲ್ಲ. ಆ ಪೈಕಿ ನಾನೂ ಒಬ್ಬ. ಇಲ್ಲದಿದ್ದರೆ ಚನ್ನಗಿರಿಯ ಹೈಸ್ಕೂಲು ಮೇಷ್ಟ್ರು, ಐವತ್ತು ದಾಟಿದವನು, ಹಳೇ ಕಾಲದ ಮಾದರಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸುತ್ತಿದ್ದೆನೇ? ನೋಡುವವರಿಗೆ ಅದು ಚಂದ. ಒಳಗೆ ಕೂತವರಿಗೆ ಕಾಲಡಿ ಒಲೆ, ಕಿವಿಯಲ್ಲಿ ಹಿಟ್ಟಿನ ಗಿರಣಿ. ಹೆಂಡತಿ ಗಿರಿಜೆ ಸವಳಂಗದವರೆಗೆ ಒಮ್ಮೆ ಬಂದಳು. ಇಳಿದು, ಕಾದ ಚಪ್ಪಲಿ ಮುಟ್ಟಿ ನೋಡಿಕೊಂಡು, "ಮುಂದಿನ ತಿಂಗಳು ಸೊಕ್ಕೆಗೆ ಹೋಗಾಕೆ ನನಗೆ ಬಸ್ಸೇ ಸಾಕು. ನೀವು ಇದರಾಗೆ ಬರ್ರಿ" ಎಂದಳು. ಸೊಕ್ಕೆ ಅವಳ ತವರು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮನೆ ಮುಂದೆ ಇಳಿಯಬೇಕೆಂದೇ ನಾನು ಕಾರು ಕೊಂಡಿದ್ದೆ.

ನಮ್ಮೂರಿನಲ್ಲಿ ಯಾವ ತೊಂದರೆಗೂ ಮೊದಲು ನೆನಪಾಗುವುದು ಅಡಿಕೆ ಚೀಲ. ನಾನೂ ನಾಲ್ಕು ಹಳೇ ಚೀಲ ತಂದು ಕಾಲಡಿ ಹಾಸಿದೆ. ಸದ್ದು ತುಸು ಇಳಿಯಿತು. ಗಿರಿಜೆಯನ್ನು ಕಾಡಿ ಬೇಡಿ ಮತ್ತೆ ಹತ್ತಿಸಿದೆ. ಅವು ಅಡಿಕೆ ಬೇಯಿಸಿದ ಕೆಂಪು ನೀರು, ಅಂದರೆ ಚೊಗರು, ಕುಡಿದ ಚೀಲಗಳೆಂಬುದು ಮರೆತೇ ಹೋಗಿತ್ತು. ಬಾಗಿಲ ಸಂದಿಯಿಂದ ಮಳೆ ನೀರು ಸೋರಿ, ಅವಳ ಹಾಲುಬಣ್ಣದ ಸೀರೆಯ ಅಂಚು ಕೆಂಪಾಯಿತು. ಅವಳು ಬಯ್ಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಕೊನೆಗೆ ಹಾಸಿಗೆ ಹೊಲಿಯುವ ರಹಮತ್ ಸಾಬರ ಅಂಗಡಿಗೆ ಹೋದೆ. "ಹಾಸೋದು ಆಮ್ಯಾಲೆ ಮೇಷ್ಟ್ರೇ. ಮೊದಲು ತೂತು ಹುಡುಕಾಣ. ಗಾಡಿ ಓಡಿಸ್ರಿ, ಆದ್ರೆ ಮಾತಾಡಬ್ಯಾಡ್ರಿ" ಎಂದರು. ದಾರಿಯುದ್ದಕ್ಕೂ ಬಗ್ಗಿಕೊಂಡು ತಗಡಿನ ಮೇಲೆ ಅಂಗೈ ಸವರುತ್ತಾ ಬಂದರು. ಬ್ರೇಕ್ ಪೆಡಲಿನ ಹಿಂದೆ, ಇಂಜಿನ್ನಿನಿಂದ ವೈರು ಒಳಬರುವಲ್ಲಿ, ಹೆಬ್ಬೆರಳು ತೂರುವಷ್ಟು ಸಂದಿ. "ಬಿಸೀನೂ ಸದ್ದೂ ಇದೇ ಬಾಗಿಲಾಗೆ ಬರ್ತಾವೆ ನೋಡ್ರಿ." ಅದಕ್ಕೆ ರಬ್ಬರು ತುಂಬಿ, ಬೆಳ್ಳಿ ಬಣ್ಣದ ಹಾಳೆ ಅಂಟಿಸಿ, ಮೇಲೆ ದಪ್ಪ ಉಣ್ಣೆಬಟ್ಟೆಯನ್ನು ಹಾಸಿಗೆಯಂತೆಯೇ ಅಂಚು ಹೊಲಿದು ಕೂರಿಸಿದರು. ಬಾಗಿಲ ಸಂದಿಗೂ ಪಟ್ಟಿ ಹಚ್ಚಿದರು. ಆ ಮನುಷ್ಯನನ್ನು ನೆನೆಯದೆ ಇವತ್ತಿಗೂ ನಾನು ಕಾರು ಹತ್ತುವುದಿಲ್ಲ.

ಸೊಕ್ಕೆಗೆ ಹೊರಟ ದಿನ ಗಿರಿಜೆ, "ಬಸ್ ಸ್ಟ್ಯಾಂಡ್ ತನಕ ಬರ್ತೀನಿ, ನೋಡಾಣ" ಎಂದು ಹತ್ತಿದಳು. ನಾನು ಆ ತೂತು, ಆ ಹಾಳೆ, ಆ ಉಣ್ಣೆಯ ಮಹಿಮೆಯನ್ನು ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಬಣ್ಣಿಸತೊಡಗಿದೆ.

"ರೀ, ಸಾಬ್ರ ಹತ್ರ ಬಟ್ಟೆ ಏನಾರ ಮಿಕ್ಕೈತಾ?"

"ಯಾಕೆ?"

"ಇನ್ನೊಂದು ಸದ್ದು ಉಳಿದೈತೆ."

ಬಾಯಿ ಮುಚ್ಚಿದೆ. ಬಸ್ ಸ್ಟ್ಯಾಂಡ್ ಬಂತು, ಹಿಂದಕ್ಕೂ ಹೋಯಿತು. ಅವಳು ನಿಲ್ಲಿಸಿ ಎನ್ನಲಿಲ್ಲ. ಚಪ್ಪಲಿ ಕಳಚಿ ಉಣ್ಣೆಯ ಮೇಲೆ ಬರಿಗಾಲಿಟ್ಟಳು. ಸೊಕ್ಕೆ ಬರುವತನಕ ನಾನು ತುಟಿ ಬಿಚ್ಚಲಿಲ್ಲ. ಮೇಷ್ಟ್ರಾದ ಮೇಲೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.