ಆಟದ ಕೋಣೆಯಲ್ಲಿ ಸೀನಿದವರು

ಎಲ್ಲಾ ಶುರುವಾದದ್ದು ಒಂದು ಸೀನಿನಿಂದ. ಅದೂ ಹೇಳಿಕೊಳ್ಳುವಂಥ ಸೀನೇನಲ್ಲ. ನಾಲ್ಕು ವರ್ಷದ ಪುಟ್ಟಿ ಬೆಳಿಗ್ಗೆ ಹಾಸಿಗೆಯಿಂದೆದ್ದು, ಕಿಟಕಿಯ ಬಿಸಿಲಿಗೆ ಮುಖ ಕೊಟ್ಟು, ಬೆಕ್ಕಿನ ಮರಿಯ ಹಾಗೆ ‘ಚೀ’ ಎಂದಳು. ಅಷ್ಟಕ್ಕೇ ಅವಳಪ್ಪನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗುವುದನ್ನು ಬಿಟ್ಟು ನಡುವೆಯೇ ನಿಂತಿತು.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕರೆಯುವುದೂ ಹಾಗೆಯೇ. ಇವತ್ತು ರಜೆ ಹಾಕಿದ್ದ. ಹೆಂಡತಿ ಮಗು ಹುಟ್ಟಿದಾಗ ಟೀಚರ್ ಕೆಲಸ ಬಿಟ್ಟವಳು, ವರ್ಷದಿಂದ ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದಳು. ಕೊನೆಗೂ ಒಂದು ಶಾಲೆಯ ಹೆಡ್‌ಮಿಸ್ ಕನಿಕರಿಸಿ, ಹನ್ನೊಂದು ಗಂಟೆಗೆ ಕಂಪ್ಯೂಟರಿನಲ್ಲೇ ಸಂದರ್ಶನ ಮಾಡುತ್ತೇನೆ ಎಂದಿದ್ದರು. ಮನೆಯೋ, ಒಂದು ಹಾಲ್, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಹಾಲ್‌ನಲ್ಲಿದ್ದವರು ಬೆಚ್ಚಿಬೀಳಬೇಕು.

“ನೋಡಿ, ಒಂದು ಗಂಟೆ ಹೊತ್ತು ನೀವಿಬ್ರೂ ಈ ಮನೆ ಕಡೆ ತಲೆ ಹಾಕ್ಬಾರದು. ಬೇರೆ ಯಾರೂ ಹಾಕೋ ಹಾಗೆ ಮಾಡ್ಬಾರದು. ಮತ್ತೆ ಸಂದರ್ಶನದ ವಿಷ್ಯ ಯಾರ ಹತ್ರನೂ ಬಾಯ್ಬಿಡ್ಬೇಡಿ. ಹೋದ್ಸಲ ಕೆಲಸ ಸಿಗ್ಲಿಲ್ಲ ಅಂತ ಇಡೀ ಬಿಲ್ಡಿಂಗು ಒಂದು ತಿಂಗಳು ನನ್ನನ್ನ ಸಮಾಧಾನ ಮಾಡಿದೆ. ಇನ್ನೊಂದು ಸಮಾಧಾನ ನನ್ನ ಕೈಲಾಗಲ್ಲ,” ಎಂದಳು ಹೆಂಡತಿ.

“ನಾನಿದೀನಲ್ಲ,” ಎಂದ ಕಂಡಕ್ಟರ್. ಅವನು ಹಾಗೆಂದಾಗಲೆಲ್ಲ ಹೆಂಡತಿಯ ಎದೆ ಡವಡವ ಎನ್ನುವುದು ಮಾಮೂಲು.

ಹೊರಗೆ ಬಿಸಿಲು ಸುಡುತ್ತಿತ್ತು. ಅಂಗಳದ ಜಾರುಬಂಡಿ ಕಾದ ಹೆಂಚಾಗಿತ್ತು. ಇನ್ನು ಉಳಿದದ್ದು ನೆಲಮಹಡಿಯ ಆಟದ ಕೋಣೆ. ಅಲ್ಲಿ ಫ್ಯಾನಿತ್ತು, ಗೊಂಬೆಗಳಿದ್ದವು, ಮಕ್ಕಳು ಮುಳುಗಿ ಏಳುವಷ್ಟು ಬಣ್ಣದ ಚೆಂಡುಗಳ ಹೊಂಡವಿತ್ತು. ಜೊತೆಗೆ ಬಾಗಿಲಲ್ಲಿ ನರ್ಸಮ್ಮನೂ ಇದ್ದರು.

ನರ್ಸಮ್ಮ ದೊಡ್ಡಾಸ್ಪತ್ರೆಯಿಂದ ನಿವೃತ್ತರಾದವರು. ಆಸ್ಪತ್ರೆಯಿಂದ ಮಾತ್ರ, ನರ್ಸ್‌ಗಿರಿಯಿಂದಲ್ಲ. ಸ್ಟೂಲು ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಒಳಗೆ ಹೋಗುವ ಪ್ರತಿ ಮಗುವಿಗೂ “ಮೂಗು!” ಎನ್ನುವರು. ಮಗು ತಲೆಯೆತ್ತಿ ಮೂಗು ತೋರಿಸಬೇಕು. ನೆಗಡಿ ಇದ್ದರೆ ವಾಪಸು. ನೆಗಡಿ ಮುಚ್ಚಿಟ್ಟು ಮಗುವನ್ನು ಒಳಗೆ ಬಿಟ್ಟ ಅಪ್ಪ ಅಮ್ಮಂದಿರು ಹೊಂಡದ ಅಷ್ಟೂ ಚೆಂಡನ್ನು ಸೋಪು ಹಾಕಿ ತೊಳೆಯಬೇಕು. ಇದು ಎಲ್ಲರೂ ಸಭೆ ಸೇರಿ ಮಾಡಿಕೊಂಡ ಕಾನೂನು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಕಂಡಕ್ಟರ್. ನರ್ಸಮ್ಮ ಊರಲ್ಲಿಲ್ಲದ ದಿನ ಆ ಸ್ಟೂಲಿನ ಮೇಲೆ ಕೂತು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಎದುರುಮನೆಯ ತಾತನ ಮೊಮ್ಮಗ ಒಂದು ಸಲ ಕೆಮ್ಮಿದನೆಂದು “ಇಳೀರಿ ಇಳೀರಿ, ಮುಂದಿನ ವಾರ ಬನ್ನಿ” ಎಂದು ತಾತನ ಸಮೇತ ಹೊರಗೆ ಕಳಿಸಿದ್ದವನೂ ಅವನೇ.

ಬಸ್ಸಿನಲ್ಲಿ ಟಿಕೆಟ್ ತಪ್ಪಿಸಲು ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು “ಇವನಿಗಿನ್ನೂ ಐದು ತುಂಬಿಲ್ಲ” ಎನ್ನುವ ತಾಯಂದಿರನ್ನು ದಿನವೂ ನೋಡಿದವನು ಅವನು. ಬೇರೆಯವರ ಸುಳ್ಳನ್ನು ದೂರದಿಂದಲೇ ಹಿಡಿಯಬಲ್ಲ. ತಾನೇ ಹೇಳಬೇಕಾಗಿ ಬಂದಾಗ ಮಾತ್ರ ಮೆಟ್ಟಿಲಿಳಿಯುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು.

“ಪುಟ್ಟಿ, ಕೆಳಗೆ ಸೀನಬಾರದು. ಆಯ್ತಾ?”

“ಬಂದ್ರೆ?”

“ತಡ್ಕೊ.”

“ತಡ್ಕೊಂಡ್ರೆ ಅದು ಎಲ್ಲಿಗೆ ಹೋಗತ್ತೆ?”

ಕಂಡಕ್ಟರ್ ಕರವಸ್ತ್ರ ತೆಗೆದು ಮಗಳ ಮೂಗನ್ನು ಹಿತ್ತಾಳೆ ಪಾತ್ರೆಯಂತೆ ತಿಕ್ಕಿದ.

“ಮೂಗು!” ಎಂದರು ನರ್ಸಮ್ಮ. ಟಾರ್ಚು ಬಿಟ್ಟು ನೋಡಿದರು. “ಒಳಗೆಲ್ಲ ಚೊಕ್ಕವಾಗಿದೆ. ಹೊರಗ್ಯಾಕೆ ಇಷ್ಟು ಕೆಂಪು?”

“ಮುಖ ತೊಳಸ್ದೆ.”

“ಮೂಗು ಮಾತ್ರ ತೊಳಸಿದ್ರಾ?”

“ಅಲ್ಲಿಂದ ಶುರು ಮಾಡ್ದೆ,” ಎಂದು ಕಂಡಕ್ಟರ್ ಒಳಗೆ ನುಗ್ಗಿದ.

ಒಳಗೆ ಬ್ಯಾಂಕಿನ ತಾತ ಮೊಮ್ಮಗನಿಲ್ಲದೆ ಒಬ್ಬರೇ, ಫ್ಯಾನಿನ ಗಾಳಿಗೆ ಪತ್ರಿಕೆ ಹರಡಿಕೊಂಡು, ಪಕ್ಕದಲ್ಲಿ ಫ್ಲಾಸ್ಕಿನ ಮುಚ್ಚಳ ತುಂಬ ಬಿಸಿ ಚಹಾ ಇಟ್ಟುಕೊಂಡು ಕೂತಿದ್ದರು. ಎರಡನೇ ಮಹಡಿಯ ಅವಳಿ ಗಂಡುಮಕ್ಕಳು ಗೋಪುರ ಕಟ್ಟುತ್ತಿದ್ದರು. ಅವರ ತಾಯಿ ಫೋನು ನೋಡುತ್ತಿದ್ದಳು. ಪುಟ್ಟಿ ಚೆಂಡಿನ ಹೊಂಡಕ್ಕೆ ಧುಮುಕಿದಳು. ಕಂಡಕ್ಟರ್ ಉಸಿರು ಬಿಟ್ಟ. ಅದು ಪೂರ್ತಿ ಹೊರಗೆ ಬರುವ ಮೊದಲೇ ಹೊಂಡದಿಂದ ‘ಚೀ’ ಎಂಬ ಸದ್ದು ಬಂತು.

ತಾತನ ಪತ್ರಿಕೆ ಕೆಳಗಿಳಿಯಿತು. ಕಂಡಕ್ಟರಿಗೆ ಏನು ತೋಚಿತೋ, ಬಾಯಿ ತೆರೆದು “ಆಆಆ... ಕ್ಷೀ!” ಎಂದುಬಿಟ್ಟ. ಬಸ್ಸಿನ ಮುಂಬಾಗಿಲಿಂದ ಹಿಂಬಾಗಿಲಿಗೆ ಕೂಗಿ ಪಳಗಿದ ಗಂಟಲು. ಅವಳಿಗಳ ಗೋಪುರ ಉರುಳಿಬಿತ್ತು.

“ನಂದು,” ಎಂದ ಕಂಡಕ್ಟರ್, ಕೈಯೆತ್ತಿ. “ಎರಡೂ ನಂದೇ. ಮೊದಲು ಸಣ್ಣದು ಬರತ್ತೆ, ಆಮೇಲೆ ದೊಡ್ಡದು. ಧೂಳು.”

ಪುಟ್ಟಿ ಚೆಂಡುಗಳ ನಡುವಿನಿಂದ ತಲೆಯೆತ್ತಿ, ಕಣ್ಣು ಅಗಲಿಸಿ ಅಪ್ಪನನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ‘ಚೀ’. ಅಪ್ಪನಿಂದ “ಆಕ್ಷೀ!” ಮತ್ತೆ ‘ಚೀ’. ಮತ್ತೆ “ಆಆಆಕ್ಷೀ!” ಅವಳಿಗಳು ಚಪ್ಪಾಳೆ ತಟ್ಟಲು ಶುರುಮಾಡಿದರು. ಅವರ ತಾಯಿ ಇಬ್ಬರನ್ನೂ ರಟ್ಟೆ ಹಿಡಿದು ಗೋಡೆಯ ಬದಿಗೆ ಎಳೆದುಕೊಂಡಳು.

ನರ್ಸಮ್ಮ ಎದ್ದು ಬಂದರು. “ಎಲ್ಲಿದೆ ಧೂಳು? ಬೆಳಿಗ್ಗೆ ನಾನೇ ನಿಂತು ಒರೆಸಿದೀನಿ.”

“ಅಂದ್ರೆ... ಫಿನಾಯಿಲ್ ವಾಸನೆ ಇರ್ಬೇಕು.”

“ಫಿನಾಯಿಲ್ ಹಾಕೇ ಇಲ್ಲ.”

“ಅದಕ್ಕೇ. ಹಾಕದೇ ಇದ್ರೆ ನನಗೆ ಆಗಿಬರಲ್ಲ.”

ತಾತ ಪತ್ರಿಕೆಯನ್ನು ನೀಟಾಗಿ ಮಡಿಸಿಟ್ಟರು. ವಾರದಿಂದ ಕಾದಿದ್ದ ಗಳಿಗೆ ತಾನಾಗಿ ಮನೆಬಾಗಿಲಿಗೆ ಬಂದಿತ್ತು. “ಕಂಡಕ್ಟ್ರೇ, ಇಳೀರಿ ಇಳೀರಿ. ಮುಂದಿನ ವಾರ ಬನ್ನಿ.”

“ಅಯ್ಯೋ ತಾತ, ಕಾನೂನು ಮಕ್ಕಳಿಗೆ. ದೊಡ್ಡೋರಿಗೆ ಎಲ್ಲಿದೆ?”

“ದೊಡ್ಡೋರ ಮೂಗು ಇನ್ನೂ ದೊಡ್ಡದು ಕಣಯ್ಯ!”

“ಜಗಳ ಬೇಡ. ಬಾಯಿ ತೆಗೀರಿ,” ಎಂದು ನರ್ಸಮ್ಮ ಕಂಡಕ್ಟರಿನ ನಾಲಿಗೆ ಅಡಿ ಥರ್ಮಾಮೀಟರ್ ತುರುಕಿದರು. “ಸದ್ದು ಬರೋ ತನಕ ಬಾಯಿ ಬಿಡೋ ಹಾಗಿಲ್ಲ.”

ಸರಿಯಾಗಿ ಆಗಲೇ ಹೊಂಡದಿಂದ ‘ಚೀ’.

ಕಂಡಕ್ಟರ್ ಒಂದು ಕ್ಷಣ ಥರ್ಮಾಮೀಟರನ್ನೂ ಹೆಂಡತಿಯನ್ನೂ ತೂಗಿ ನೋಡಿದ. ಹೆಂಡತಿಯೇ ಹೆಚ್ಚು ತೂಗಿದಳು. ಬಾಯಿ ಬಿಟ್ಟು ಸೀನಿದ. ಥರ್ಮಾಮೀಟರ್ ಬಾಣದಂತೆ ಹಾರಿ ಹೊಂಡದೊಳಗೆ ಬಿದ್ದು ಮಾಯವಾಯಿತು.

ಆಮೇಲೆ ನಡೆದದ್ದನ್ನು ಹುಡುಕಾಟ ಎನ್ನಬೇಕೋ ಜಲಕ್ರೀಡೆ ಎನ್ನಬೇಕೋ ತಿಳಿಯದು. ಚೆಂಡುಗಳ ಅಡಿಯಿಂದ ‘ಬೀಪ್ ಬೀಪ್’ ಎಂಬ ಸದ್ದು ಮಾತ್ರ ಬರುತ್ತಿತ್ತು. ನರ್ಸಮ್ಮ ಸೀರೆ ಎತ್ತಿಕಟ್ಟಿ ಹೊಂಡಕ್ಕಿಳಿದರು. ಅವಳಿಗಳ ತಾಯಿ ಇನ್ನೊಂದು ಬದಿಯಿಂದ ಇಳಿದಳು. ತಾತ ದಡದಲ್ಲಿ ನಿಂತು “ಎಡಕ್ಕೆ, ಎಡಕ್ಕೆ!” ಎಂದು ದಾರಿ ತೋರಿಸುತ್ತ ತಾವೇ ಜಾರಿ ಒಳಗೆ ಬಿದ್ದರು. ಮಕ್ಕಳಿಗೆ ಹುಟ್ಟಿದಂದಿನಿಂದ ಇಂಥ ಸುಖ ಸಿಕ್ಕಿರಲಿಲ್ಲ. ಕೊನೆಗೆ ಅವಳಿಗಳಲ್ಲಿ ಒಬ್ಬನಿಗೆ ಥರ್ಮಾಮೀಟರ್ ಸಿಕ್ಕಿತು. ಅವನು ಒಳ್ಳೆಯ ಹುಡುಗ. ಯಾರದೋ ಎಂಜಲು ಎಂದು ಅದನ್ನು ತಾತನ ಬಿಸಿ ಚಹಾದಲ್ಲಿ ಅದ್ದಿ, ಚಡ್ಡಿಗೆ ಒರೆಸಿ, ನರ್ಸಮ್ಮನಿಗೆ ತಂದುಕೊಟ್ಟ. ಅದ್ದಿದ್ದನ್ನು ದೊಡ್ಡವರು ಯಾರೂ ನೋಡಲಿಲ್ಲ.

ನರ್ಸಮ್ಮ ಅಂಕಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. “ಇಷ್ಟು ಜ್ವರ ಇಟ್ಕೊಂಡು ನಿಂತಿದಾನಲ್ಲ ಈ ಮನುಷ್ಯ! ಮೂವತ್ತು ವರ್ಷದ ಸರ್ವೀಸಲ್ಲಿ ನೋಡಿಲ್ಲ. ಕೂತ್ಕೊಳ್ಳಿ. ಮಾತಾಡ್ಬೇಡಿ. ಇವರ ಹೆಂಡ್ತಿಗೆ ಹೇಳ್ಬೇಕು, ಈಗ್ಲೇ.”

“ಫೋನ್ ಮಾಡ್ತೀನಿ,” ಎಂದಳು ಅವಳಿಗಳ ತಾಯಿ. ಮಾಡಿದಳು. “ಆಫಾಗಿದೆ.”

“ಹಾಗಾದ್ರೆ ಮೇಲೆ ಹೋಗಿ ಬಾಗಿಲು ಬಡಿಯೋಣ.”

ಕಂಡಕ್ಟರಿಗೆ ಈಗ ನಿಜವಾಗಿಯೂ ಮೈ ಬಿಸಿಯಾಯಿತು. ಮೇಲೆ ಹೆಂಡತಿ, ಅವಳ ಎದುರು ಹೆಡ್‌ಮಿಸ್, ಬಾಗಿಲಲ್ಲಿ ಈ ದಂಡು. ವರ್ಷವಿಡೀ ಅವಳು ರಾತ್ರಿ ಅಡುಗೆಮನೆಯಲ್ಲಿ ಕೂತು ಅರ್ಜಿ ಬರೆದದ್ದು ನೆನಪಾಯಿತು. ಓಡಿಹೋಗಿ ಮೆಟ್ಟಿಲ ಬುಡದಲ್ಲಿ, ತುಂಬಿದ ಬಸ್ಸಿನ ಬಾಗಿಲಲ್ಲಿ ನಿಲ್ಲುವಂತೆ, ಎರಡೂ ಕೈ ಚಾಚಿ ನಿಂತ.

“ಯಾರೂ ಹತ್ಬೇಡಿ! ಜಾಗ ಇಲ್ಲ! ಅಂದ್ರೆ... ನನಗೆ ಏನೂ ಆಗಿಲ್ಲ. ನಾನು ಸೀನೇ ಇಲ್ಲ. ಎಲ್ಲಾ ಸುಳ್ಳು ಸೀನು. ನಿಜವಾಗಿ ಸೀನಿದ್ದು ಪುಟ್ಟಿ. ನೆಗಡಿ ಅವಳಿಗೆ. ಗೊತ್ತಿದ್ದೂ ಕರ್ಕೊಂಡು ಬಂದೆ. ತಪ್ಪಾಯ್ತು. ಚೆಂಡೆಲ್ಲ ತೊಳೀತೀನಿ. ಬೇಕಾದ್ರೆ ಗೋಡೆನೂ ತೊಳೀತೀನಿ. ಮೇಲೆ ಮಾತ್ರ ಹೋಗ್ಬೇಡಿ.”

ಅವಳಿಗಳ ತಾಯಿ ಸೆರಗಿನಿಂದ ಇಬ್ಬರು ಮಕ್ಕಳ ಮೂಗನ್ನೂ ಒಟ್ಟಿಗೇ ಮುಚ್ಚಿದಳು. ತಾತನ ಮುಖದಲ್ಲಿ ಬಡ್ಡಿ ಸಮೇತ ಅಸಲು ಬಂದ ಕಳೆಯಿತ್ತು. ನರ್ಸಮ್ಮ ಮಾತ್ರ ಪುಟ್ಟಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಣೆ ಮುಟ್ಟಿದರು, ಗಂಟಲು ನೋಡಿದರು, ಬೆನ್ನಿಗೆ ಕಿವಿಯಿಟ್ಟು ಕೇಳಿದರು, ಮೂಗಿಗೆ ಟಾರ್ಚು ಬಿಟ್ಟರು.

“ಮಗು ಕಲ್ಲುಗುಂಡಿನ ಹಾಗಿದೆ. ಎಲ್ಲಿ ನೆಗಡಿ? ಪುಟ್ಟಿ, ನಿನಗೆ ಸೀನು ಬರ್ತಿದೆಯಾ?”

“ಬೆಳಿಗ್ಗೆ ಒಂದು ಬಂತು,” ಎಂದಳು ಪುಟ್ಟಿ. “ಆಮೇಲೆ ಬರ್ಲಿಲ್ಲ. ನಾನೇ ಕರೆದೆ.”

“ಕರೆದ್ಯಾ?”

“ಹೂಂ. ನಾನು ಚಿಕ್ಕದಾಗಿ ಕರೆದ್ರೆ ಅಪ್ಪಂದು ದೊಡ್ಡದಾಗಿ ಬರತ್ತೆ. ಇನ್ನೊಂದ್ಸಲ ಕರೀಲಾ?”

ಕಂಡಕ್ಟರ್ ಮೆಟ್ಟಿಲ ಮೇಲೆ ಕುಸಿದು ಕೂತ. ಇಲ್ಲದ ನೆಗಡಿಯನ್ನು ಮುಚ್ಚಿಡಲು ಗಂಟಲು ಹರಿದುಕೊಂಡದ್ದಾಯಿತು, ಮಾಡದ ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡದ್ದೂ ಆಯಿತು. ನರ್ಸಮ್ಮ ತಾತನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: “ತಾನು ಸುಡ್ತಾ ಇದಾನೆ, ಹುಷಾರಾಗಿದೀನಿ ಅಂತಾನೆ. ಮಗು ಹುಷಾರಾಗಿದೆ, ಅದಕ್ಕೆ ಕಾಯಿಲೆ ಅಂತಾನೆ. ಜ್ವರ ತಲೆಗೇರಿದೆ. ನೀವು ಆ ರಟ್ಟೆ ಹಿಡೀರಿ, ನಾನು ಈ ರಟ್ಟೆ ಹಿಡೀತೀನಿ.”

ಹೀಗೆ ಇಬ್ಬರು ಹಿಡಿದುಕೊಂಡು, ಒಬ್ಬಳು ಹಿಂದಿನಿಂದ ನೂಕಿ, ಮೂರು ಮಕ್ಕಳು ಮುಂದೆ ಕುಣಿಯುತ್ತ, ಕಂಡಕ್ಟರ್ “ಬೇಡ, ಬೇಡ” ಎನ್ನುತ್ತಲೇ ಮೊದಲ ಮಹಡಿಯ ತನ್ನ ಮನೆ ತಲುಪಿದ. ನರ್ಸಮ್ಮ ಬಾಗಿಲು ಬಡಿಯಲು ಕೈ ಎತ್ತಿದರು. ಅಷ್ಟರಲ್ಲಿ ಬಾಗಿಲು ಒಳಗಿನಿಂದ ಧಡಾರನೆ ತೆರೆಯಿತು.

“ಸಿಕ್ತು!” ಎಂದು ಹೆಂಡತಿ ಕಿರುಚಿದಳು. “ಕೆಲಸ ಸಿಕ್ತು ರೀ! ಓ, ಎಲ್ರೂ ಬಂದಿದೀರಾ? ಇವರು ಹೇಳ್ಬಿಟ್ರಾ? ಹೋಗ್ಲಿ ಬಿಡಿ, ಈಗ ಹೇಳಿದ್ರೆ ಏನಂತೆ!”

ಕಂಡಕ್ಟರಿಗೆ ಕಣ್ಣು ತುಂಬಿ ಬಂತು. ಅಂತೂ ತಾನು ಪಟ್ಟ ಪಾಡು ದಂಡವಾಗಲಿಲ್ಲ ಎಂದು ಅವನಿಗೆ ಬೆಳಗಿನಿಂದ ಮೊದಲ ಸಲ ನಿಜವಾದ ಖುಷಿಯಾಯಿತು.

“ನಿಮ್ಮಿಂದಾನೇ ಸಿಕ್ಕಿದ್ದು,” ಎಂದಳು ಅವಳು ಗಂಡನ ಕೈ ಹಿಡಿದು. “ಆ ಶಾಲೇಲಿ ಮಗು ಸೀನಿದ್ರೆ ಮುಗೀತು, ಮನೆಗೆ ಕಳಿಸ್ತಾರಂತೆ. ಟೀಚರುಗಳ ಮಕ್ಕಳೂ ಅಲ್ಲೇ ಓದೋದು. ಮಗು ಜೊತೆ ಟೀಚರೂ ರಜೆ ಹಾಕಿ ಹೊರಟ್ರೆ ತರಗತಿ ಗತಿ ಏನು ಅಂತ ಹೆಡ್‌ಮಿಸ್‌ಗೆ ತಲೆನೋವು. ನಿಮ್ಮ ಮಗಳು ಸೀನಿದ್ರೆ ಏನ್ಮಾಡ್ತೀರಿ ಅಂದ್ರು. ನಾನು ಥಟ್ ಅಂತ ಹೇಳ್ದೆ, ‘ಅವಳಪ್ಪ ಇದಾರೆ ಮೇಡಂ. ಒಂದು ಸೀನು ಸಾಕು, ನಡುದಾರೀಲಿ ಬಸ್ ಬಿಟ್ಟು ಓಡಿ ಬಂದು ಕರ್ಕೊಂಡು ಹೋಗ್ತಾರೆ’ ಅಂತ. ಹೆಡ್‌ಮಿಸ್ ಖುಷಿಯಾಗಿ, ಇಂಥ ಗಂಡ ಎಲ್ಲಿ ಸಿಕ್ಕಿದ್ರು ಅಂದ್ರು! ನಿಮ್ಮ ನಂಬರ್ ಬರ್ಕೊಂಡ್ರು. ಪುಟ್ಟಿಗೂ ಅಲ್ಲೇ ಸೀಟು.”

ಎಲ್ಲರೂ ಕೈ ತಟ್ಟಿದರು. ಕಂಡಕ್ಟರ್ ತಟ್ಟಲಿಲ್ಲ. ಅವನು ನಿಧಾನವಾಗಿ ಕತ್ತು ಬಗ್ಗಿಸಿ ಮಗಳ ಕಡೆ ನೋಡಿದ. ಶಾಲೆ ಎಂಬ ಮಾತು ಬಂದರೆ ಮಂಚದಡಿ ಹೋಗಿ ಕೂರುತ್ತಿದ್ದ ಪುಟ್ಟಿ, ಈಗ ಅಮ್ಮನ ಸೆರಗು ಹಿಡಿದು ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು.

“ಅಮ್ಮ, ಒಂದೇ ಒಂದು ಸೀನಿದ್ರೂ ಅಪ್ಪ ಬಸ್ ಬಿಟ್ಟು ಬರ್ತಾರಾ?”

“ಬರ್ತಾರೆ ಬಂಗಾರ.”

“ಓಡಿ?”

“ಓಡೋಡಿ.”

“ಹಾಗಾದ್ರೆ ನಾಳೆಯಿಂದಾನೇ ಶಾಲೆಗೆ ಹೋಗ್ತೀನಿ,” ಎಂದಳು ಪುಟ್ಟಿ.