ಬೂದು ಚುಕ್ಕೆಯ ಮನೆ

ನಮ್ಮ ಸೀಮೆಯ ಹತ್ತಿ, ಭತ್ತದ ವ್ಯಾಪಾರದ ಇತಿಹಾಸವನ್ನು ಡಿಜಿಟಲ್ ನಕ್ಷೆ ತೋರಿಸಿ ಕಲಿಸಲು ಹೋದಲ್ಲೆಲ್ಲ ನನಗೊಂದು ಫಜೀತಿ ಕಾದೇ ಇರುತ್ತದೆ. ಮೊದಲಾದರೆ ಸಂಜೆ ಬಂದು ಅವ್ವನ ಮುಂದೆ ಹೇಳಿ ನಗುತ್ತಿದ್ದೆ. ಅವ್ವ ಹೋದ ಮೇಲೆ ಮನೆಯಲ್ಲಿ ಕೇಳುವವರಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಎತ್ತಿನ ದಾರಿ

ಆಗ ದೇವದುರ್ಗದ ಕಾಲೇಜಿನಲ್ಲಿದ್ದೆ. ಹಿಂದೆ ಅಲ್ಲಿನ ಹತ್ತಿ ಬಂಡಿಯಲ್ಲಿ ರಾಯಚೂರು ಸ್ಟೇಷನ್ನಿಗೆ ಹೋಗುತ್ತಿದ್ದ ದಾರಿಯನ್ನು ಗೋಡೆಯ ಮೇಲೆ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವನೊಬ್ಬ ಎದ್ದ.

"ಮೇಡಂ, ಈ ನಕ್ಷಿ ಮಾಡಿದವ್ರು ಬಂಡಿ ಹೂಡಿದವ್ರಲ್ರೀ. ಎತ್ತಿಗೆ ನೀರು ಕುಡಿಸೋ ಜಾಗ ಎಲ್ಲೂ ಇಲ್ಲ."

"ಮತ್ತೇನು ತೋರಸ್ತದ?"

"ಬರೇ ಪೆಟ್ರೋಲ್ ಬಂಕ್ ರೀ. ಅದನ್ನೇ ಕುಡಿಸೂಣೇನ್ರೀ?"

ಅಂಗಳದ ಸಂತೆ

ಮಾನ್ವಿಯ ಕಾಲೇಜಿಗೆ ವರ್ಗವಾದ ಮೇಲೆ, ಅಲ್ಲಿ ಹಿಂದೆ ಹತ್ತಿ ಸಂತೆ ಕೂಡುತ್ತಿದ್ದ ಜಾಗವನ್ನು ನನ್ನ ವಿದ್ಯಾರ್ಥಿಗಳು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಗುರುತಿಸಿಬಿಟ್ಟರು. ಈಗ ಅಲ್ಲಿ ಒಬ್ಬ ಅಜ್ಜಿಯ ಮನೆ. ಮೊಬೈಲ್ ನಂಬಿದ ಡ್ರೈವರೊಬ್ಬ ಹತ್ತಿ ಲಾರಿಯನ್ನು ಸೀದಾ ಅವಳ ಅಂಗಳಕ್ಕೆ ನುಗ್ಗಿಸಿದ. ಅಜ್ಜಿ ಕಾಲೇಜಿಗೇ ಬಂದಳು.

"ಯವ್ವಾ, ನನ್ನ ಅಂಗಳಕ್ಕ ಸಂತಿ ಕರಸಿದಾಕಿ ನೀನೇನು?"

"ತಪ್ಪಾತಬೇ. ಅದು ಹಳೇ ಕಾಲದ ಸಂತಿ."

"ಹಂಗಾರ ಹಳೇ ರೇಟಿಗೇ ಹತ್ತಿ ಕೊಡು ಅಂತ ಅವಗ ಹೇಳು. ಒಂದು ಗಾದಿ ತುಂಬಿಸ್ತೀನಿ."

ಬಂದ್ ಗೋದಾಮು

ಅಂದಿನಿಂದ ನಿಯಮ ಮಾಡಿದೆ. ಚಾಲೂ ಇರುವ ಜಾಗಕ್ಕೆ ಹಸಿರು ಚುಕ್ಕೆ, ಬಂದ್ ಆದದ್ದಕ್ಕೆ ಬೂದು. ಹೊಗೆ ಏಳುತ್ತದೆಯೇ, ಜನ ಬಂದುಹೋಗುತ್ತಾರೆಯೇ ನೋಡಬೇಕು. ಒಂದೇ ಸಲ ನೋಡಿ ಬಣ್ಣ ಹಚ್ಚಬಾರದು.

ಈಗ ರಾಯಚೂರಿನಲ್ಲಿದ್ದೇನೆ. ಮಕ್ಕಳು ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಜಿನ್ನಿಂಗ್ ಮಿಲ್ಲುಗಳ ಓಣಿ ಸುತ್ತಿ ನಕ್ಷೆ ತಂದರು. ಅದರಲ್ಲಿ ನನ್ನ ಬಾಡಿಗೆ ಮನೆಯ ಮೇಲೆ ಬೂದು ಚುಕ್ಕೆ: 'ಬಂದ್ ಗೋದಾಮು'.

"ಇದು ತಪ್ಪು. ಇಲ್ಲಿ ಜನ ಅದಾರ," ಎಂದೆ.

ನಕ್ಷೆ ಮಾಡಿದ ಹುಡುಗಿ ಒಪ್ಪಲಿಲ್ಲ. "ಮತ್ತ ಮತ್ತ ಹೋಗಿ ನೋಡೀವ್ರಿ ಮೇಡಂ. ಯಾವಾಗ್ಲೂ ಕೀಲಿ. ಒಗ್ಗರಣಿ ವಾಸನಿನೂ ಇಲ್ಲ. ಅಲ್ಲಿ ಯಾರೂ ಬರಂಗಿಲ್ಲ, ಹೋಗಂಗಿಲ್ಲ ಅಂತ ಎದುರು ಮನಿ ಅಕ್ಕಾರೂ ಹೇಳಿದ್ರು. ಯಾರದಾರ್ರೀ ಅಲ್ಲಿ?"

"ನಾನು."

ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ ಆ ಚುಕ್ಕೆಯನ್ನೇ ನೋಡುತ್ತ ಕೂತೆ. ಎದುರು ಮನೆಯಾಕೆ ಸುಳ್ಳು ಹೇಳಿರಲಿಲ್ಲ. ಎರಡು ಹೊತ್ತೂ ಖಾನಾವಳಿಯಲ್ಲಿ ಉಂಡು ಮಲಗಲಷ್ಟೇ ಮನೆಗೆ ಬರುತ್ತಿದ್ದೆ. ಅವ್ವನಿಲ್ಲದ ಅಡುಗೆಮನೆಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ.

ಆದಿತ್ಯವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆ ಹುಡುಗಿ, ಹಿಂದೆ ಅವಳ ಗೆಳತಿಯರು.

"ಮತ್ತೊಮ್ಮೆ ಸರ್ವೇಕ್ಕ ಬಂದೀವ್ರಿ."

ಗಡಿಬಿಡಿಯಲ್ಲಿ ಒಲೆ ಹಚ್ಚಿ ಉಪ್ಪಿಟ್ಟಿಗಿಟ್ಟೆ. ತಳ ಹತ್ತಿ ಮನೆ ತುಂಬ ಹೊಗೆಯಾಯಿತು. ಕೆಮ್ಮುತ್ತಲೇ ಎಲ್ಲರೂ ತಿಂದರು.

"ಹೊಗಿ ಆತು, ಜನಾನೂ ಬಂದ್ರು. ಇನ್ನರ ಹಸಿರು ಹಚ್ಚತೀರೇನು?" ಎಂದು ಕೇಳಿದೆ.

ಹುಡುಗಿ ನೀರು ಕುಡಿದು ಗಂಟಲು ಸರಿಮಾಡಿಕೊಂಡಳು.

"ಒಂದೇ ಸಲ ನೋಡಿ ಹಚ್ಚಬಾರ್ದು ಅಂತ ನೀವೇ ಹೇಳೀರಲ್ರೀ. ಮುಂದಿನ ಆದಿತ್ಯವಾರನೂ ಬರ್ತೀವಿ. ಆದ್ರ ಮೇಡಂ, ಬುತ್ತಿ ನಾವೇ ಕಟ್ಟಿಗೊಂಡು ಬರ್ತೀವ್ರಿ."