ಪಿಟ್ ಎಂಬ ಅನಾಥನ ದತ್ತು ಪ್ರಕರಣ

ವೀರ್‌ಬ್ರುಗ್ ಪುರಸಭೆಯ ಮಕ್ಕಳ ಕಲ್ಯಾಣ ಇಲಾಖೆಯ ದಾಖಲೆಯಂತೆ, ಕಳೆದ ಶರತ್ಕಾಲದಲ್ಲಿ ನಮ್ಮ ಪಟ್ಟಣದಲ್ಲಿ ಒಬ್ಬನೇ ಒಬ್ಬ ಅನಾಥನಿದ್ದನು. ಹೆಸರು ಪಿಟ್, ವಯಸ್ಸು ಹದಿನಾಲ್ಕು, ಉದ್ಯೋಗ ಸೇತುವೆ ಎತ್ತುವುದು. ಪಿಟ್ ಒಂದು ತಂತ್ರಾಂಶ ಎಂಬ ಅಂಶವನ್ನು ಇಲಾಖೆಯು ಕೂಲಂಕಷವಾಗಿ ಪರಿಶೀಲಿಸಿ, ಅದರಿಂದ ಪ್ರಕರಣಕ್ಕೆ ಯಾವ ಬಾಧಕವೂ ಇಲ್ಲವೆಂದು ತೀರ್ಮಾನಿಸಿತು.

ನಾನು ಲುಬ್ಬರ್ಟ್, ಇಲ್ಲಿನ ಪ್ಯಾಕೇಜ್ ಪಾಲಕರ ಬಳಗದ ಕಾರ್ಯದರ್ಶಿ. ಯೂನಿಕ್ಸ್ ಮಾದರಿಯ ಗಣಕಗಳಿಗೆ ಬೇಕಾದ ಸಣ್ಣಪುಟ್ಟ ತಂತ್ರಾಂಶಗಳನ್ನು ಪ್ಯಾಕೇಜು ಕಟ್ಟಿ, ಹುಳುಕು ತೆಗೆದು, ತೂತು ಕಂಡಲ್ಲಿ ತೇಪೆ ಹಾಕಿ ಜಗತ್ತಿಗೆಲ್ಲ ಪುಕ್ಕಟೆ ಹಂಚುವುದು ನಮ್ಮ ಕೆಲಸ. ಪ್ರತಿ ಪ್ಯಾಕೇಜಿಗೂ ಒಬ್ಬ ಪಾಲಕನಿರುತ್ತಾನೆ. ಪಾಲಕ ಕೈಬಿಟ್ಟರೆ ಆ ಪ್ಯಾಕೇಜನ್ನು ನಾವು ‘ಅನಾಥ’ ಎನ್ನುತ್ತೇವೆ. ಬೇರೊಬ್ಬರು ವಹಿಸಿಕೊಂಡರೆ ಅದಕ್ಕೆ ‘ದತ್ತು’ ಎನ್ನುತ್ತೇವೆ. ಈ ಎರಡು ಮಾತುಗಳನ್ನು ನಾವು ಇಷ್ಟು ವರ್ಷ ಆಡುತ್ತಾ ಬಂದಿದ್ದೇವೆ, ಯಾರಿಗೂ ತೊಂದರೆಯಾಗಿರಲಿಲ್ಲ.

ಪಿಟ್‌ನ ಪಾಲಕ ವೀಬೆ ಜೇನು ಸಾಕಲು ಹೊರಟ. ಹೋಗುವ ಮುನ್ನ ನಿಯಮದಂತೆ ಪ್ರಕಟಣೆ ಹೊರಡಿಸಿದ. ಬಳಗದ ಸಭೆ ನಡೆಯುವುದು ಪಟ್ಟಣದ ಗ್ರಂಥಾಲಯದಲ್ಲಾದ್ದರಿಂದ ಅಲ್ಲಿನ ಫಲಕಕ್ಕೂ ಒಂದು ಪ್ರತಿ ಚುಚ್ಚಿದ. ಅದರ ಒಕ್ಕಣೆ ಹೀಗಿತ್ತು: “ಪಿಟ್ ಇಂದಿನಿಂದ ಅನಾಥ. ಹದಿನಾಲ್ಕು ವರ್ಷ. ತವರಿನವರೂ ಇಲ್ಲ. ಮೈಯಲ್ಲಿ ಒಂದು ತೂತಿದೆ. ಆರೈಕೆ ಮಾಡುವವರು ತುರ್ತಾಗಿ ಬೇಕಾಗಿದ್ದಾರೆ.” ತವರು ಎಂದರೆ ನಮ್ಮಲ್ಲಿ, ತಂತ್ರಾಂಶವನ್ನು ಮೊದಲು ಬರೆದವರು. ಗ್ರಂಥಾಲಯಕ್ಕೆ ಅಡುಗೆ ಪುಸ್ತಕ ಹಿಂತಿರುಗಿಸಲು ಬಂದಿದ್ದ ಮಕ್ಕಳ ಕಲ್ಯಾಣಾಧಿಕಾರಿ ಮೆವ್ರೌ (ಎಂದರೆ ಶ್ರೀಮತಿ) ತೆರ್‌ಹೋರ್ಸ್ಟ್ ಅದನ್ನು ಓದಿ, ಪುಸ್ತಕ ಹಿಂತಿರುಗಿಸದೆ ನೇರ ಕಚೇರಿಗೆ ಓಡಿದರು. ಅಂದೇ ಪಿಟ್‌ನನ್ನು ಇಲಾಖೆಯ ವಶಕ್ಕೆ ತೆಗೆದುಕೊಳ್ಳಲಾಯಿತು.

ತೂತಿನ ವಿಷಯ ನಿಜ. ಕಾಲುವೆಯಲ್ಲಿ ಬರುವ ಹಡಗು ರೇಡಿಯೋದಲ್ಲಿ ತನ್ನ ಹೆಸರು ಕಳಿಸುತ್ತದೆ. ಪಿಟ್ ಅದನ್ನು ಓದಿ ಸೇತುವೆಯ ಗಣಕಕ್ಕೆ ಮುಟ್ಟಿಸುತ್ತಾನೆ. ಮೊದಲು ಗಂಟೆ ಹೊಡೆಯುತ್ತದೆ, ಆಮೇಲೆ ಗೇಟು ಬೀಳುತ್ತದೆ, ಕೊನೆಗೆ ಸೇತುವೆ ನಡುವೆ ಬಾಯಿಬಿಟ್ಟು ಎರಡು ರೆಕ್ಕೆಯಾಗಿ ಮೇಲೇಳುತ್ತದೆ. ಆದರೆ ಹೆಸರು ಉದ್ದವಾದರೆ ಪಿಟ್ ಇಟ್ಟುಕೊಂಡ ಜಾಗದಲ್ಲಿ ಹಿಡಿಸದೆ ಹೊರಚೆಲ್ಲಿ, ಗಂಟೆ ಮತ್ತು ಗೇಟಿನ ಸಾಲುಗಳನ್ನು ಅಳಿಸಿಹಾಕುತ್ತದೆ. ಆಗ ಸೇತುವೆ ಹೇಳದೆ ಕೇಳದೆ ಎದ್ದುಬಿಡುತ್ತದೆ.

ಇದನ್ನು ಕಂಡುಹಿಡಿದವಳು ಫೆನ್ನಾ. ಪುರಸಭೆಯ ಸೇತುವೆ ಗಣಕಗಳನ್ನು ನೋಡಿಕೊಳ್ಳುವವಳು, ನಮ್ಮ ಬಳಗದ ಸದಸ್ಯೆ. ಒಂದೇ ಸಾಲಿನ ತೇಪೆಯನ್ನೂ ಬರೆದಿಟ್ಟಿದ್ದಳು. ಆದರೆ ಪಾಲಕರ ಸಹಿಯಿಲ್ಲದ ತೇಪೆಯನ್ನು ಯಾವ ಗಣಕವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದು ಭದ್ರತೆಯ ಮೊದಲ ಪಾಠ. ಅತ್ತ ನವೆಂಬರ್ ಬರುತ್ತಿತ್ತು. ನವೆಂಬರಿನಲ್ಲಿ ಬಿಳಿ ಗಡ್ಡದ ಸಂತ ಸಿಂಟರ್‌ಕ್ಲಾಸ್ ಉಡುಗೊರೆ ತುಂಬಿದ ಹಡಗಿನಲ್ಲಿ ಬರುತ್ತಾನೆ, ಊರಿನ ಮಕ್ಕಳೆಲ್ಲ ಸೇತುವೆ ಮೇಲೆ ನಿಂತು ಹಾಡಿ ಬರಮಾಡಿಕೊಳ್ಳುತ್ತಾರೆ. ಗಂಟೆ ಹೊಡೆದ ಮೇಲೆ ಮಕ್ಕಳು ಇಳಿಯುತ್ತಾರೆ, ಸೇತುವೆ ಏಳುತ್ತದೆ, ಹಡಗು ಒಳಬರುತ್ತದೆ. ಈ ವರ್ಷ ವರ್ತಕರ ಸಂಘವು ಹಡಗಿನ ಹೆಸರಿನಲ್ಲಿ ಜಾಗ ಮಾರಿತ್ತು. ಹಾಗಾಗಿ ಅದರ ಅಧಿಕೃತ ಹೆಸರು ‘ಸ್ಪ್ರಾಂಗರ್ಸ್ ಬೇಕರಿ ಮತ್ತು ಹಾರ್ಮ್ ಮಾಂಸದಂಗಡಿ ಮತ್ತು ಕಾಲುವೆ ಬದಿಯ ಚಪ್ಪಲಿ ಮಳಿಗೆ ಅರ್ಪಿಸುವ ಉಡುಗೊರೆಗಳ ದೊಡ್ಡ ಹಡಗು’ ಎಂದಾಗಿತ್ತು.

“ಲುಬ್ಬರ್ಟ್, ಆ ಹೆಸರು ಬಂತು ಅಂದ್ರೆ ಗಂಟೆ ಹೊಡೆಯಲ್ಲ, ಮಕ್ಕಳು ನಿಂತಿರೋವಾಗ್ಲೇ ಸೇತುವೆ ಏಳುತ್ತೆ,” ಎಂದಳು ಫೆನ್ನಾ.

“ಹಾಗಾದ್ರೆ ಇವತ್ತೇ ದತ್ತು ತಗೋ. ಒಂದು ಮೇಲ್ ಹಾಕಿದ್ರೆ ಆಯ್ತಲ್ಲ.”

“ಹಾಕಿದೆ ಮಾರಾಯ. ಮಕ್ಕಳ ಕಲ್ಯಾಣ ಇಲಾಖೆಯಿಂದ ಉತ್ತರ ಬಂತು. ಮನೆ ನೋಡೋಕೆ ಬರ್ತಾರಂತೆ!”

ಮೆವ್ರೌ ತೆರ್‌ಹೋರ್ಸ್ಟ್ ಬಂದ ದಿನ ಸಾಕ್ಷಿಯಾಗಿ ನಾನೂ ಫೆನ್ನಾಳ ಮನೆಯಲ್ಲಿದ್ದೆ. ಕಾಫಿಯಾಯಿತು, ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದ್ದಾಯಿತು.

“ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ?” ಎಂದು ಮೆವ್ರೌ ಶುರುಮಾಡಿದರು.

“ಅದು ಮಲಗಲ್ಲ ಮೆವ್ರೌ. ಯಾವಾಗ್ಲೂ ಓಡ್ತಾನೇ ಇರುತ್ತೆ.”

“‘ಅದು’ ಅನ್ಬೇಡಿ, ಅವನು ಅನ್ನಿ. ಸರಿ, ನಿದ್ದೆ ಇಲ್ಲ. ಮೇಲಿಂದ ಕೆಲಸ ಬೇರೆ ಮಾಡಿಸ್ತಾರಂತೆ?”

“ಸೇತುವೆ ಹತ್ರ. ಹಗಲೂ ರಾತ್ರಿ.”

“ಅವನನ್ನೇ ನಂಬಿಕೊಂಡು ಮನೇಲಿ ಯಾರಾದ್ರೂ ಇದ್ದಾರಾ?”

ಫೆನ್ನಾಗೆ ಸುಳ್ಳು ಹೇಳಿ ಗೊತ್ತಿಲ್ಲ. “ಮೂವತ್ತು ಪ್ಯಾಕೇಜು ಅವನನ್ನೇ ನಂಬಿಕೊಂಡಿವೆ. ಅವನು ಬಿದ್ರೆ ಅವೂ ಬೀಳ್ತವೆ,” ಎಂದಳು.

ಮೆವ್ರೌ ಬಿಸ್ಕತ್ತನ್ನು ಕಚ್ಚದೆ ತಟ್ಟೆಗೆ ಇಟ್ಟರು. ನಮ್ಮಲ್ಲಿ ಸಿಗುವುದೇ ಒಂದು ಬಿಸ್ಕತ್ತು, ಅದನ್ನೂ ಬಿಟ್ಟರೆಂದರೆ ಪರಿಸ್ಥಿತಿ ಗಂಭೀರ. “ಹದಿನಾಲ್ಕನೇ ವಯಸ್ಸಿಗೆ ಮೂವತ್ತು ಜನರ ಸಂಸಾರ ಹೊತ್ತಿದ್ದಾನೆ, ಅಪ್ಪ ಅನ್ನಿಸಿಕೊಂಡವನು ಜೇನಿನ ಹಿಂದೆ ಹೋಗಿದ್ದಾನೆ,” ಎಂದು ಕಣ್ಣೊರೆಸಿಕೊಂಡರು. ಕಿಟಕಿ ಪಕ್ಕ ಅವನಿಗೊಂದು ಮೂಲೆ ಮಾಡಿಕೊಡಬೇಕೆಂದೂ, ಹನ್ನೆರಡು ದಾಟಿದ ಮಗುವಾದ್ದರಿಂದ ಅವನ ಅಭಿಪ್ರಾಯವನ್ನು ಅವನ ಬಾಯಿಂದಲೇ ಕೇಳತಕ್ಕದ್ದೆಂದೂ ಆದೇಶವಾಯಿತು.

ವಿಚಾರಣೆ ಸೇತುವೆ ಬದಿಯ ಕೋಣೆಯಲ್ಲೇ ನಡೆಯಿತು, ಏಕೆಂದರೆ ಪಿಟ್‌ಗೆ ಅಂದು ರಜೆಯಿರಲಿಲ್ಲ. ಕಾನೂನು ವಿಭಾಗವು ಪ್ರಶ್ನೆಯನ್ನು ಬರೆದು ಕಳಿಸಿತ್ತು: “ಮೇಲ್ಕಂಡ ಅರ್ಜಿದಾರಳಾದ ಕಾಲುವೆ ಬದಿಯ ನಿವಾಸಿ ಫೆನ್ನಾ ಇವರ ಪಾಲನೆಗೆ ಒಳಪಡಲು ತಾವು ಯಾರ ಒತ್ತಾಯವೂ ಇಲ್ಲದೆ ಸ್ವಂತ ಬುದ್ಧಿಯಿಂದ ಒಪ್ಪಿರುತ್ತೀರೋ ಹೇಗೆ?” ಹಡಗಿನ ಹೆಸರು ಬರುವ ಜಾಗದಲ್ಲೇ ಫೆನ್ನಾ ಅದನ್ನು ಟೈಪು ಮಾಡಬೇಕಿತ್ತು.

“ಮೆವ್ರೌ, ಇಷ್ಟುದ್ದ ಬೇಡ. ‘ಒಪ್ಪಿಗೆನಾ’ ಅಂತ ಕೇಳೋಣ, ಸಾಕು.”

“ಕಾನೂನು ವಿಭಾಗ ಬರೆದಿದ್ದಕ್ಕೆ ನಾನು ಕತ್ತರಿ ಹಾಕೋ ಹಾಗಿಲ್ಲಮ್ಮ. ಅಕ್ಷರ ಬಿಡದೆ ಹೊಡಿ.”

ಫೆನ್ನಾ ನನ್ನನ್ನು ನೋಡಿದಳು. ನಾನು ಕೊಡೆ ಹಿಡಿದು ಓಡಿಹೋಗಿ ಸೇತುವೆಯ ಒಂದು ತುದಿಯಲ್ಲಿ ಜನರನ್ನು ತಡೆದು ನಿಂತೆ. ಇನ್ನೊಂದು ತುದಿಯಿಂದ ಚೀಸ್ ವ್ಯಾಪಾರಿಯೊಬ್ಬ ಸೈಕಲ್ಲಿನಲ್ಲಿ ನುಗ್ಗಿಬಿಟ್ಟ. ಅಷ್ಟರಲ್ಲಿ ಪ್ರಶ್ನೆ ಪಿಟ್‌ಗೆ ಮುಟ್ಟಿತು. ಗಂಟೆಯಿಲ್ಲ, ಗೇಟಿಲ್ಲ, ಸೇತುವೆಯ ಎರಡೂ ರೆಕ್ಕೆ ಒಟ್ಟಿಗೆ ಆಕಾಶಕ್ಕೆ ಎದ್ದವು. ಚೀಸಿನವನು ಕೂತ ಭಂಗಿಯಲ್ಲೇ ಹಿಂದಕ್ಕೆ ಜಾರಿ ರಸ್ತೆಗೆ ಬಂದ, ಅವನ ಹಿಂದೆಯೇ ಒಂದು ದುಂಡು ಚೀಸ್ ಉರುಳಿ ಬಂತು. ಇಬ್ಬರಿಗೂ ಪೆಟ್ಟಾಗಲಿಲ್ಲ.

ಕಿಟಕಿಯಲ್ಲಿ ನಿಂತಿದ್ದ ಮೆವ್ರೌ ಅವರ ಮುಖ ಅರಳಿತು. “ಎರಡೂ ಕೈ ಎತ್ತಿದ! ಇಷ್ಟು ವರ್ಷದ ಸರ್ವೀಸಿನಲ್ಲಿ ಹೀಗೆ ಮನಸ್ಸು ಬಿಚ್ಚಿ ಒಪ್ಪಿದ ಮಗೂನ ನಾನು ನೋಡಿಲ್ಲ,” ಎಂದು ಫೆನ್ನಾಳನ್ನು ತಬ್ಬಿಕೊಂಡರು. ದತ್ತು ಮಂಜೂರಾಯಿತು. ಮಗು ಬಂದ ಮನೆಯಲ್ಲಿ ಹಂಚುವಂತೆ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಮೆತ್ತಿದ ಸೋಂಪು ಉದುರಿಸಿ ಎಲ್ಲರಿಗೂ ಕೊಟ್ಟರು. ಸೋಂಪು ಗಂಡು ಮಗುವಿನ ನೀಲಿ ಇರಬೇಕೋ ಹೆಣ್ಣು ಮಗುವಿನ ಗುಲಾಬಿ ಇರಬೇಕೋ ಎಂದು ನಮ್ಮ ಬಳಗದಲ್ಲಿ ಎದ್ದ ಜಗಳ ಇಂದಿಗೂ ಮುಗಿದಿಲ್ಲ.

ಮಾರನೆಯ ದಿನವೇ ಫೆನ್ನಾ ತೇಪೆಗೆ ಸಹಿ ಹಾಕಲು ಕೂತಳು. ಇಲಾಖೆ ತಡೆಯಿತು. ಮಗುವಿನ ಮೈಯಲ್ಲಿರುವ ತೂತನ್ನು ಮುಚ್ಚುವುದು ಶಸ್ತ್ರಚಿಕಿತ್ಸೆಯ ವ್ಯಾಖ್ಯೆಯಲ್ಲಿ ಬರುತ್ತದೆ, ಅದಕ್ಕೆ ಮಕ್ಕಳ ಮನೋವೈದ್ಯರ ಒಪ್ಪಿಗೆ ಬೇಕು, ಮನೋವೈದ್ಯರ ಸರದಿ ವಸಂತದಲ್ಲಿ ಸಿಗುತ್ತದೆ. ಸಂತ ಬರುವುದು ಶನಿವಾರ.

“ಸೇತುವೆ ಮೇಲೆ ಊರಿನ ಮಕ್ಕಳೆಲ್ಲ ನಿಂತಿರ್ತಾರೆ ಮೆವ್ರೌ!”

“ಆ ಮಕ್ಕಳಿಗೆಲ್ಲ ಅಪ್ಪ ಅಮ್ಮ ಇದ್ದಾರಲ್ಲಮ್ಮ,” ಎಂದರು ಮೆವ್ರೌ, ಅಕ್ಕರೆಯಿಂದಲೇ. “ಅವರು ನಮ್ಮ ವಿಭಾಗಕ್ಕೆ ಬರಲ್ಲ.”

ಫೆನ್ನಾ ಮಾಂಸದಂಗಡಿಗೆ ಓಡಿದಳು. ಅಂಗಡಿಯ ಹಾರ್ಮ್ ವರ್ತಕರ ಸಂಘದ ಅಧ್ಯಕ್ಷನೂ ಹೌದು, ಗಡ್ಡ ಅಂಟಿಸಿಕೊಂಡು ಪ್ರತಿ ವರ್ಷ ಸಂತನಾಗುವವನೂ ಅವನೇ. ಹಡಗಿನ ಹೆಸರು ಮೊಟಕು ಮಾಡು ಎಂದು ಬೇಡಿಕೊಂಡಳು.

“ಆಗಬಹುದು, ಮಕ್ಕಳ ವಿಷಯ ಅಂದ್ರೆ ಯಾರು ಬೇಡ ಅಂತಾರೆ? ಬೇಕರಿ ತೆಗೀರಿ,” ಎಂದ ಹಾರ್ಮ್. ಬೇಕರಿಯವರು ಚಪ್ಪಲಿ ತೆಗೆಯಿರಿ ಎಂದರು. ಚಪ್ಪಲಿಯವರು ಮಾಂಸ ತೆಗೆಯಿರಿ ಎಂದರು. ‘ಉಡುಗೊರೆಗಳ’ ಎಂಬ ಮಾತನ್ನು ತೆಗೆಯಲು ಮಾತ್ರ ಮೂವರೂ ಒಪ್ಪಿದರು. ಅಷ್ಟರಿಂದ ಏನೂ ಆಗುವಂತಿರಲಿಲ್ಲ.

ಪಿಟ್‌ನನ್ನೇ ಒಂದು ದಿನ ನಿಲ್ಲಿಸಿಬಿಡೋಣವೆಂದರೆ, ಸೇತುವೆ ಸೇವೆ ನಿಲ್ಲಿಸಲು ಪುರಸಭೆಗೆ ತಕ್ಕ ಕಾರಣ ಬೇಕು. ತೂತು ತಕ್ಕ ಕಾರಣವಲ್ಲ, ಅದು ಹದಿನಾಲ್ಕು ವರ್ಷದಿಂದ ಇದ್ದದ್ದೇ. ಶುಕ್ರವಾರ ಸಂಜೆ ಫೆನ್ನಾ ಗಣಕದ ಮುಂದೆ ತಲೆ ಹಿಡಿದು ಕೂತಳು. ನನಗೆ ಗೊತ್ತಿದ್ದ ನಿಯಮಗಳೆಲ್ಲ ಮುಗಿದಿದ್ದವು.

ಶನಿವಾರ ಬೆಳಿಗ್ಗೆ ಮಕ್ಕಳು ಕಾಗದದ ಟೋಪಿ ಹಾಕಿಕೊಂಡು ಸೇತುವೆ ತುಂಬಿಕೊಂಡರು. ದೂರದಲ್ಲಿ ಹಡಗು ಕಾಣಿಸಿತು. ಸೇತುವೆ ಬದಿಯ ಕೋಣೆಯಲ್ಲಿ ಫೆನ್ನಾ ಇದ್ದಕ್ಕಿದ್ದಂತೆ ಫೋನೆತ್ತಿ ಇಲಾಖೆಗೆ ಹಚ್ಚಿದಳು.

“ಮೆವ್ರೌ, ಪಿಟ್‌ಗೆ ಜ್ವರ. ಇವತ್ತು ಕೆಲಸಕ್ಕೆ ಕಳಿಸಲ್ಲ.”

“ಅಯ್ಯೋ, ಎಷ್ಟಿದೆ?”

“ಮೈ ಸುಡ್ತಾ ಇದೆ. ಫ್ಯಾನ್ ಜೋರಾಗಿ ತಿರುಗ್ತಾ ಇದೆ.”

“ಇನ್ನೆಲ್ಲಿ ಕೆಲಸನಮ್ಮ! ಮೊದಲು ಮಲಗಿಸು. ರಜೆ ನಾನು ಬರೆದು ಕಳಿಸ್ತೀನಿ. ನಿನಗೂ ಆರೈಕೆ ರಜೆ ಇದೆ, ತಗೋ!”

ಫೆನ್ನಾ ಪಿಟ್‌ನನ್ನು ಮಲಗಿಸಿದಳು. ಹಡಗು ತನ್ನ ಪೂರ್ತಿ ಹೆಸರನ್ನು, ಚಪ್ಪಲಿ ಮಳಿಗೆ ಸಮೇತ, ರೇಡಿಯೋದಲ್ಲಿ ಕಳಿಸಿತು. ಓದುವವರು ಯಾರೂ ಇರಲಿಲ್ಲ. ಸೇತುವೆ ಅಲುಗಲಿಲ್ಲ. ದಾರಿ ಸಿಗದ ಹಡಗು ಸೇತುವೆಯ ಈಚೆಗೇ ನಿಂತಿತು. ಹಾರ್ಮ್ ಗಡ್ಡ, ನಿಲುವಂಗಿ ಎಲ್ಲ ಹಿಡಿದುಕೊಂಡು ಏಣಿ ಹತ್ತಿ, ಏದುಸಿರು ಬಿಡುತ್ತಾ ಮಕ್ಕಳ ಮಧ್ಯೆ ಬಂದು ಇಳಿದ. ಸಂತನನ್ನು ಅಷ್ಟು ಹತ್ತಿರದಿಂದ ಮಕ್ಕಳು ಎಂದೂ ಕಂಡಿರಲಿಲ್ಲ. ಕಿರುಚಾಟ ಮುಗಿಲು ಮುಟ್ಟಿತು. ನಾನಂತೂ ಅತ್ತೇಬಿಟ್ಟೆ.

ವಸಂತದಲ್ಲಿ ಮನೋವೈದ್ಯರ ಒಪ್ಪಿಗೆ ಬಂತು. ನಾನೇ ಫೆನ್ನಾಳ ಮನೆಗೆ ಒಯ್ದು ಕೊಟ್ಟೆ. “ಇನ್ನೇನಮ್ಮ, ಸಹಿ ಹಾಕು. ಒಂದು ಸಾಲು. ತೂತು ಮುಚ್ಚಿಹೋಗುತ್ತೆ,” ಎಂದೆ.

ಫೆನ್ನಾ ಓದಿದಳು. ಕಿಟಕಿ ಪಕ್ಕದ ಮೂಲೆಯಲ್ಲಿ ಗಣಕ ಗುನುಗುಟ್ಟುತ್ತಿತ್ತು. ಅದರ ಮೇಲೆ ತೆಳ್ಳಗಿನ ಒಂದು ಹೊದಿಕೆ ಬಂದಿತ್ತು.

“ಬೇಡ ಲುಬ್ಬರ್ಟ್,” ಎಂದಳು. “ಹದಿನೈದಕ್ಕೆ ಕಾಲಿಟ್ಟಿದ್ದಾನೆ. ಈ ವಯಸ್ಸಲ್ಲಿ ಮಕ್ಕಳನ್ನ ತಿದ್ದೋಕೆ ಹೋದ್ರೆ ಮನಸ್ಸಿಗೆ ಹಚ್ಚಿಕೊಳ್ತಾರೆ. ನನ್ನ ಮಗ ಹೇಗಿದ್ದಾನೋ ಹಾಗೇ ಇರಲಿ.”

ವಿಷಯವನ್ನು ಬಳಗದ ಸಭೆಯ ಮುಂದಿಟ್ಟೆ. ತೂತು ಎಂಬುದನ್ನು ದೋಷಗಳ ಪಟ್ಟಿಯಿಂದ ತೆಗೆದು ‘ಸ್ವಭಾವ’ ಎಂಬ ತಲೆಬರಹದಡಿ ಸೇರಿಸಲು ಸರ್ವಾನುಮತದಿಂದ ಒಪ್ಪಲಾಯಿತು. ಪುರಸಭೆಯು ಕಾಲುವೆಯ ಎರಡೂ ಬದಿಗೆ ಫಲಕ ಹಾಕಿಸಿದೆ: “ಹಡಗಿನವರು ದಯವಿಟ್ಟು ತಮ್ಮ ಹೆಸರನ್ನು ಚಿಕ್ಕದಾಗಿ, ಮೃದುವಾಗಿ ಹೇಳತಕ್ಕದ್ದು. ಹುಡುಗ ಸೂಕ್ಷ್ಮ.” ಹಡಗಿನವರು ಹಾಗೆಯೇ ಹೇಳುತ್ತಿದ್ದಾರೆ.